ಕಾರ್ಡ್ ಬಾಕಿ: ಕಟ್ಟಿದ್ದು ಲಕ್ಷ ದಾಟಿದರೂ ಸಾಲ ಏಕೆ ಕರಗಿಲ್ಲ?

ಈ ಸಲದ ಪತ್ರಗಳಲ್ಲಿ ಹೆಚ್ಚಿನವು ಕ್ರೆಡಿಟ್ ಕಾರ್ಡ್ ಬಾಕಿಯ ಬಗ್ಗೆಯೇ ಇವೆ. ಬರೆದವರ ಹೆಸರು, ಊರು, ಬ್ಯಾಂಕಿನ ಹೆಸರನ್ನು ಕೈಬಿಟ್ಟಿದ್ದೇವೆ. ಬೇರೆ ದರ ಹೇಳದ ಕಡೆಯೆಲ್ಲ ತಿಂಗಳಿಗೆ ಶೇ 3.5ರ ಬಡ್ಡಿ, ಅಂದರೆ ವರ್ಷಕ್ಕೆ ಶೇ 42, ಮತ್ತು ಆ ಬಡ್ಡಿಯ ಮೇಲೆ ಶೇ 18 ಜಿಎಸ್‌ಟಿ ಎಂದು ಹಿಡಿದು ಲೆಕ್ಕ ಹಾಕಿದ್ದೇವೆ. ನಿಮ್ಮ ಕಾರ್ಡಿನ ದರ ಎಷ್ಟೆಂಬುದನ್ನು ಬ್ಯಾಂಕ್ ಕೊಟ್ಟ ನಿಯಮಪತ್ರದಲ್ಲಿ ನೋಡಿಕೊಳ್ಳಿ.

ಪ್ರಶ್ನೆ: ಎರಡು ವರ್ಷದ ಹಿಂದೆ ನನ್ನ ಕಾರ್ಡಿನಲ್ಲಿ ₹1 ಲಕ್ಷ ಬಾಕಿ ಇತ್ತು. ಅಂದಿನಿಂದ ಕಾರ್ಡನ್ನು ಮುಟ್ಟಿಲ್ಲ. ಪ್ರತಿ ತಿಂಗಳೂ ಗಡುವಿನೊಳಗೆ ‘ಮಿನಿಮಮ್ ಡ್ಯೂ’ (ಆ ತಿಂಗಳು ಕಟ್ಟಲೇಬೇಕಾದ ಕನಿಷ್ಠ ಮೊತ್ತ) ಕಟ್ಟಿದ್ದೇನೆ. ಕೂಡಿಸಿ ನೋಡಿದರೆ ಕಟ್ಟಿದ್ದೇ ₹1,10,000 ದಾಟಿದೆ, ಆದರೂ ಬಿಲ್ಲಿನಲ್ಲಿ ₹77,000 ತೋರಿಸುತ್ತಿದೆ. ಬ್ಯಾಂಕಿನವರು ಲೆಕ್ಕ ತಪ್ಪಿದ್ದಾರೆಯೇ?

ಉತ್ತರ: ತಪ್ಪಿಲ್ಲ. ನೀವು ಬರೆದ ಅಂಕಿಗಳು ಲೆಕ್ಕಕ್ಕೆ ಸರಿಯಾಗಿಯೇ ಕೂಡುತ್ತವೆ. ಮೊದಲ ತಿಂಗಳನ್ನೇ ತೆಗೆದುಕೊಳ್ಳಿ. ₹1,00,000ಕ್ಕೆ ಬಡ್ಡಿ ₹3,500, ಅದರ ಮೇಲಿನ ಜಿಎಸ್‌ಟಿ ₹630. ಬಿಲ್ ₹1,04,130 ಆಯಿತು. ಕನಿಷ್ಠ ಮೊತ್ತವಾಗಿ ಅದರ ಶೇ 5ರಷ್ಟು, ಅಂದರೆ ಸುಮಾರು ₹5,206 ಕಟ್ಟಿದಿರಿ. ಅದರಲ್ಲಿ ₹4,130 ಬಡ್ಡಿಗೂ ತೆರಿಗೆಗೂ ಹೋಯಿತು. ಅಸಲಿಗೆ ತಲುಪಿದ್ದು ₹1,076 ಮಾತ್ರ.

ಇದಕ್ಕಿಂತ ದೊಡ್ಡ ಪೆಟ್ಟು ಬೇರೆಯೇ ಇದೆ. ಕನಿಷ್ಠ ಮೊತ್ತವೆಂಬುದು ಬಾಕಿಯ ಶೇಕಡಾವಾರು. ಬಾಕಿ ಇಳಿದ ಹಾಗೆ ಬ್ಯಾಂಕ್ ಕೇಳುವ ಮೊತ್ತವೂ ಇಳಿಯುತ್ತದೆ. ಮೊದಲು ₹5,206 ಕಟ್ಟುತ್ತಿದ್ದ ನೀವು ಈಗ ₹4,016ರ ಆಸುಪಾಸಿನಲ್ಲಿ ಕಟ್ಟುತ್ತಿರಬೇಕು. ಹೊರೆ ಹಗುರವಾಯಿತೆಂದು ಅನಿಸುತ್ತದೆ, ಆದರೆ ಸಾಲ ತೀರುವ ದಿನ ಅಷ್ಟಷ್ಟೇ ದೂರ ಸರಿಯುತ್ತಿರುತ್ತದೆ. ಇದೇ ರೀತಿ ಇನ್ನೆರಡು ವರ್ಷ ನಡೆದರೆ ಆಗಲೂ ₹59,000 ಚಿಲ್ಲರೆ ಉಳಿದಿರುತ್ತದೆ. ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ ಎನ್ನುತ್ತಾರಲ್ಲ, ಹಾಗೆ.

ಪರಿಹಾರ ಸರಳವಿದೆ. ಬಿಲ್ಲಿನಲ್ಲಿರುವ ಕನಿಷ್ಠ ಮೊತ್ತವನ್ನು ನೋಡುವುದನ್ನೇ ಬಿಡಿ. ರೂಪಾಯಿ ಲೆಕ್ಕದಲ್ಲಿ ಒಂದು ಮೊತ್ತ ಗಟ್ಟಿ ಮಾಡಿಕೊಂಡು, ಬಾಕಿ ಎಷ್ಟೇ ಇಳಿದರೂ ಅದನ್ನೇ ಕಟ್ಟುತ್ತ ಹೋಗಿ. ಮೊದಲ ತಿಂಗಳು ಕಟ್ಟಿದ್ದ ₹5,200ನ್ನೇ ಈಗಲೂ ಕಟ್ಟಿದರೆ ಉಳಿದ ₹77,000 ಇನ್ನು 24 ತಿಂಗಳಲ್ಲಿ ತೀರುತ್ತದೆ, ಬಡ್ಡಿ ಮತ್ತು ಜಿಎಸ್‌ಟಿ ಸೇರಿ ಸುಮಾರು ₹45,000 ಹೋಗುತ್ತದೆ. ₹8,000 ಹೊಂದಿಸಿಕೊಂಡರೆ 13 ತಿಂಗಳು ಸಾಕು, ಬಡ್ಡಿಯೂ ₹23,000ಕ್ಕೆ ಇಳಿಯುತ್ತದೆ. ತಿಂಗಳಿಗೆ ₹2,800 ಹೆಚ್ಚು ಹಾಕಿದ್ದಕ್ಕೆ ಉಳಿಯುವುದು ಸುಮಾರು ₹22,000.

ಬ್ಯಾಂಕಿನ ಆ್ಯಪ್‌ನಲ್ಲಿ ಆಟೋ ಡೆಬಿಟ್ ಹೇಗಿದೆ ಎಂದೂ ನೋಡಿ. ‘ಕನಿಷ್ಠ ಮೊತ್ತ’ ಎಂದು ಗುರುತು ಹಾಕಿ ಮರೆತವರು ಬಹಳ ಮಂದಿ. ಅದನ್ನು ತೆಗೆಯಬೇಡಿ, ಗಡುವು ತಪ್ಪದಂತೆ ಕಾಯಲು ಬೇಕು. ಅದರ ಮೇಲಿನ ಹಣವನ್ನು ಸಂಬಳ ಬಂದ ದಿನವೇ ನೀವಾಗಿ ಕಟ್ಟಿ. ಬಡ್ಡಿ ದಿನಲೆಕ್ಕದಲ್ಲಿ ಬೀಳುವುದರಿಂದ ಗಡುವಿನವರೆಗೆ ಕಾಯುವುದರಲ್ಲಿ ಲಾಭವಿಲ್ಲ.

ಪ್ರಶ್ನೆ: ₹40,000 ಬಿಲ್ಲಿಗೆ ₹38,000 ಕಟ್ಟಿದೆ, ₹2,000 ಮಾತ್ರ ಉಳಿಸಿಕೊಂಡೆ. ಮುಂದಿನ ಬಿಲ್ಲಿನಲ್ಲಿ ಬಡ್ಡಿಯೇ ₹2,400 ಮೀರಿ ಬಂದಿದೆ. ಉಳಿಸಿಕೊಂಡ ಹಣಕ್ಕಿಂತ ಬಡ್ಡಿ ಹೆಚ್ಚಾಗಲು ಸಾಧ್ಯವೇ?

ಉತ್ತರ: ಸಾಧ್ಯ. ಬಡ್ಡಿಯಿಲ್ಲದ ಅವಧಿ ಎಂಬ ಸೌಲಭ್ಯ ಇರುವುದು ಬಿಲ್ಲನ್ನು ಪೂರ್ತಿ ತೀರಿಸುವವರಿಗೆ ಮಾತ್ರ. ಸ್ವಲ್ಪ ಉಳಿಸಿಕೊಂಡರೂ ಅದು ರದ್ದಾಗುತ್ತದೆ, ಬಡ್ಡಿಯ ಎಣಿಕೆ ನೀವು ಖರೀದಿ ಮಾಡಿದ ದಿನಕ್ಕೇ ಹಿಂದೆ ಹೋಗುತ್ತದೆ. ನೀವು ಜೂನ್ 15ರಂದು ಕಾರ್ಡ್ ಉಜ್ಜಿ, ಜುಲೈ 30ರಂದು ಹಣ ಕಟ್ಟಿದಿರಿ ಎಂದುಕೊಳ್ಳೋಣ. ಪೂರ್ತಿ ₹40,000ಕ್ಕೆ 45 ದಿನದ ಬಡ್ಡಿ ₹2,071. ಉಳಿದ ₹2,000ಕ್ಕೆ ಆಗಸ್ಟ್ 10ರ ಬಿಲ್ಲಿನವರೆಗೆ 11 ದಿನದ ಬಡ್ಡಿ ₹25. ಜಿಎಸ್‌ಟಿ ₹377. ಒಟ್ಟು ₹2,473.

ಹೆಚ್ಚಿನವರಿಗೆ ಗೊತ್ತಿಲ್ಲದ ಇನ್ನೊಂದು ಮಾತು: ಹಿಂದಿನ ಬಾಕಿ ಇರುವವರೆಗೆ ಹೊಸದಾಗಿ ಉಜ್ಜಿದ ಪ್ರತಿ ರೂಪಾಯಿಗೂ ಅಂದಿನಿಂದಲೇ ಬಡ್ಡಿ. ಬಾಕಿ ಇಟ್ಟುಕೊಂಡ ಕಾರ್ಡಿನಲ್ಲಿ ದಿನಸಿ ತರುವುದೆಂದರೆ ವರ್ಷಕ್ಕೆ ಶೇ 42ರ ಸಾಲ ಮಾಡಿ ದಿನಸಿ ತಂದಂತೆ. ಆದ್ದರಿಂದ ಸಾಲ ತೀರಿಸಲು ಹೊರಟವರು ಮೊದಲು ಆ ಕಾರ್ಡಿಗೆ ಜೋಡಿಸಿರುವ ಮೊಬೈಲ್ ರೀಚಾರ್ಜ್, ಸಿನಿಮಾ ಆ್ಯಪ್, ವಿಮೆಯಂಥ ತಾನಾಗಿ ಕಡಿತವಾಗುವ ಪಾವತಿಗಳನ್ನೆಲ್ಲ ಬಿಡಿಸಿ ಉಳಿತಾಯ ಖಾತೆಗೆ ಜೋಡಿಸಬೇಕು. ಆಮೇಲೆ ಆ್ಯಪ್‌ನಲ್ಲಿ ಆನ್‌ಲೈನ್ ಬಳಕೆ ಮತ್ತು ಅಂಗಡಿ ಬಳಕೆ ಎರಡನ್ನೂ ಬಂದ್ ಮಾಡಿ. ಕಾರ್ಡನ್ನು ಕತ್ತರಿಸಿ ಎಸೆದರೆ ಸಾಲದು. ಶಾಪಿಂಗ್ ಆ್ಯಪ್‌ಗಳಲ್ಲಿ ಉಳಿಸಿಟ್ಟ ಕಾರ್ಡ್ ಹಾಗೇ ಕೆಲಸ ಮಾಡುತ್ತಿರುತ್ತದೆ.

ಪ್ರಶ್ನೆ: ಮೂರು ಕಾರ್ಡುಗಳಿವೆ. ಒಂದರಲ್ಲಿ ₹90,000 (ತಿಂಗಳಿಗೆ ಶೇ 3.75), ಇನ್ನೊಂದರಲ್ಲಿ ₹60,000 (ಶೇ 3.5), ಮೂರನೆಯದರಲ್ಲಿ ₹12,000 (ಶೇ 3.5). ತಿಂಗಳಿಗೆ ₹18,000 ಹೊಂದಿಸಬಲ್ಲೆ. ಮೂರಕ್ಕೂ ಸಮನಾಗಿ ಹಂಚಲೇ?

ಉತ್ತರ: ಬೇಡ. ಎಲ್ಲಕ್ಕೂ ಕನಿಷ್ಠ ಮೊತ್ತ ಕಟ್ಟಿ, ಮಿಕ್ಕಿದ್ದೆಲ್ಲ ಒಂದೇ ಕಾರ್ಡಿಗೆ ಹಾಕಿ. ಶುದ್ಧ ಲೆಕ್ಕದ ಪ್ರಕಾರ ದರ ಹೆಚ್ಚಿರುವುದು, ಅಂದರೆ ₹90,000ದ ಕಾರ್ಡ್ ಮೊದಲು ತೀರಬೇಕು. ಆದರೆ ನಿಮ್ಮ ವಿಷಯದಲ್ಲಿ ಮೊದಲು ₹12,000ದ ಕಾರ್ಡನ್ನು ಮುಗಿಸಿ ಎಂಬುದು ನಮ್ಮ ಸಲಹೆ. ದರದ ಅಂತರ ತಿಂಗಳಿಗೆ ಕಾಲು ಶೇಕಡ ಮಾತ್ರ. ಈ ಚಿಕ್ಕ ಬಾಕಿ ಎರಡು ತಿಂಗಳೊಳಗೆ ತೀರುತ್ತದೆ. ಆಮೇಲೆ ನೆನಪಿಡಬೇಕಾದ ಗಡುವು ಮೂರರ ಬದಲು ಎರಡೇ. ತಡವಾದರೆ ಬೀಳುವ ದಂಡ ಬಾಕಿ ಚಿಕ್ಕದಿದ್ದರೂ ನೂರಾರು ರೂಪಾಯಿ ಇರುತ್ತದಾದ್ದರಿಂದ ಒಂದು ಗಡುವು ಕಡಿಮೆಯಾದರೂ ಲಾಭವೇ. ನಂತರ ₹90,000ದ್ದು, ಕೊನೆಗೆ ₹60,000ದ್ದು. ಒಂದು ಕಾರ್ಡ್ ತೀರಿದಾಗ ಅದಕ್ಕೆ ಹೋಗುತ್ತಿದ್ದ ಹಣ ಮನೆಖರ್ಚಿಗೆ ಬರಬಾರದು, ಮುಂದಿನ ಕಾರ್ಡಿಗೆ ಸೇರಬೇಕು. ಈ ಯೋಜನೆ ಕೆಡುವುದು ಹೆಚ್ಚಾಗಿ ಇಲ್ಲಿಯೇ.

ಪ್ರಶ್ನೆ: ₹2 ಲಕ್ಷ ಬಾಕಿ ಇದೆ. ಬ್ಯಾಂಕಿನವರು ದಿನಾ ಫೋನ್ ಮಾಡಿ ‘ಇಎಂಐ ಮಾಡಿಕೊಳ್ಳಿ’ ಎನ್ನುತ್ತಾರೆ. ಗೆಳೆಯರು ಪರ್ಸನಲ್ ಲೋನ್ ತೆಗೆದುಕೋ ಎನ್ನುತ್ತಾರೆ. ಮನೆಯಲ್ಲಿ ಸ್ವಲ್ಪ ಚಿನ್ನವಿದೆ, ₹1 ಲಕ್ಷದ ಠೇವಣಿಯೂ ಇದೆ. ಯಾವುದು ಸರಿ?

ಉತ್ತರ: ಮೊದಲು ಠೇವಣಿ. ಶೇ 7ರ ಆಸುಪಾಸಿನ ಬಡ್ಡಿ ತರುವ ಠೇವಣಿಯನ್ನು ಕಾಪಾಡಿಕೊಂಡು ಶೇ 42ರ ಸಾಲಕ್ಕೆ ಬಡ್ಡಿ ಕಟ್ಟುವುದರಲ್ಲಿ ಅರ್ಥವಿಲ್ಲ. ಅವಧಿಗೆ ಮುಂಚೆ ಮುರಿದರೆ ದರದಲ್ಲಿ ಸಾಮಾನ್ಯವಾಗಿ ಅರ್ಧದಿಂದ ಒಂದು ಶೇಕಡ ಕಡಿತವಾಗುತ್ತದೆ, ಅದು ಲೆಕ್ಕಕ್ಕೇ ಬರುವುದಿಲ್ಲ. ಒಂದು ತಿಂಗಳ ಮನೆಖರ್ಚಿನಷ್ಟು ಮಾತ್ರ ಉಳಿಸಿಕೊಂಡು ಮಿಕ್ಕಿದ್ದನ್ನು ಕಾರ್ಡಿಗೆ ಹಾಕಿ. ಆ ಅಷ್ಟನ್ನೂ ಉಳಿಸಿಕೊಳ್ಳದಿದ್ದರೆ ಮುಂದಿನ ಆಸ್ಪತ್ರೆ ಖರ್ಚು ಮತ್ತೆ ಕಾರ್ಡಿನ ಮೇಲೇ ಬೀಳುತ್ತದೆ.

ಪರ್ಸನಲ್ ಲೋನ್ ಕೂಡ ಒಳ್ಳೆಯ ದಾರಿ, ದರ ಸರಿಯಿದ್ದರೆ. ಠೇವಣಿ ಮುಟ್ಟದೆ ಪೂರ್ತಿ ₹2 ಲಕ್ಷವನ್ನು ಶೇ 16ರ ದರದಲ್ಲಿ 36 ತಿಂಗಳಿಗೆ ತೆಗೆದುಕೊಂಡರೆ ಕಂತು ₹7,031. ಇದನ್ನು ಕಾರ್ಡಿನ ಜತೆ ಹೋಲಿಸಿ. ಅಲ್ಲಿ ಬಡ್ಡಿ ಮತ್ತು ಜಿಎಸ್‌ಟಿಯೇ ಮೊದಲ ತಿಂಗಳು ₹8,260. ಇಲ್ಲಿ ಅಸಲೂ ಸೇರಿ ಅದಕ್ಕಿಂತ ಕಡಿಮೆ. ಮೂರು ವರ್ಷದ ಒಟ್ಟು ಬಡ್ಡಿ ಸುಮಾರು ₹53,000. 24 ತಿಂಗಳಿಗೆ ಇಳಿಸಿದರೆ ಕಂತು ₹9,793, ಬಡ್ಡಿ ₹35,000. ಸಂಸ್ಕರಣಾ ಶುಲ್ಕ ಎಷ್ಟು, ಅವಧಿಗೆ ಮುಂಚೆ ತೀರಿಸಿದರೆ ದಂಡವಿದೆಯೇ, ಜತೆಗೆ ವಿಮೆಯನ್ನೇನಾದರೂ ಸೇರಿಸಿದ್ದಾರೆಯೇ, ಈ ಮೂರನ್ನೂ ಸಹಿ ಹಾಕುವ ಮೊದಲು ಬರಹದಲ್ಲಿ ಕೇಳಿ ಪಡೆಯಿರಿ.

ಕಾರ್ಡಿನ ಇಎಂಐ, ಅಂದರೆ ಬಾಕಿಯನ್ನೇ ತಿಂಗಳ ಕಂತುಗಳಾಗಿ ಮಾಡಿಕೊಳ್ಳುವುದು, ಹೆಸರಿಗೆ ಅದೇ ದರದ್ದಾದರೂ ಸ್ವಲ್ಪ ದುಬಾರಿ. ಪರ್ಸನಲ್ ಲೋನಿನ ಬಡ್ಡಿಗೆ ಜಿಎಸ್‌ಟಿ ಇಲ್ಲ, ಕಾರ್ಡ್ ಇಎಂಐನ ಬಡ್ಡಿಗೆ ಇದೆ. ಶೇ 16 ಎಂದು ಹೇಳಿದ್ದು ನಿಜದಲ್ಲಿ ಶೇ 18.88 ಆಗುತ್ತದೆ. ಇಎಂಐ ಕಂತು ಪೂರ್ತಿಯಾಗಿ ಆ ತಿಂಗಳ ಕನಿಷ್ಠ ಮೊತ್ತದೊಳಗೆ ಸೇರುವುದರಿಂದ ‘ಮಿನಿಮಮ್’ ಇದ್ದಕ್ಕಿದ್ದಂತೆ ಏರಿದಂತೆ ಕಾಣುತ್ತದೆ, ಗಾಬರಿ ಬೇಡ. ಆದರೂ ಶೇ 42ರಲ್ಲಿ ಬಿದ್ದಿರುವುದಕ್ಕಿಂತ ಇದು ಎಷ್ಟೋ ವಾಸಿ, ಮತ್ತು ಬೇರೆ ಬ್ಯಾಂಕ್ ಲೋನ್ ಕೊಡಲು ಒಪ್ಪದವರಿಗೆ ಸಿಗುವ ದಾರಿಯೂ ಇದೇ. ಅಸಲು, ಬಡ್ಡಿ, ಶುಲ್ಕ ಎಷ್ಟೆಷ್ಟು ಎಂದು ಬಿಡಿಸಿ ತೋರಿಸಲೇಬೇಕು ಎಂಬುದು ರಿಸರ್ವ್ ಬ್ಯಾಂಕಿನ ನಿಯಮ. ಫೋನಿನಲ್ಲಿ ‘ಹ್ಞೂಂ’ ಎನ್ನುವ ಮುಂಚೆ ಅದನ್ನು ಇಮೇಲಿನಲ್ಲಿ ತರಿಸಿಕೊಳ್ಳಿ.

ಚಿನ್ನದ ಸಾಲದ ಬಡ್ಡಿ ಇವೆಲ್ಲಕ್ಕಿಂತ ಕಡಿಮೆ ಇರಬಹುದು. ಆದರೆ ಕಾರ್ಡ್ ಸಾಲಕ್ಕೆ ಅಡಮಾನವೇ ಇಲ್ಲ, ಅದನ್ನು ತೀರಿಸಲು ಒಡವೆಯನ್ನು ಒತ್ತೆ ಇಡುತ್ತಿದ್ದೀರಿ. ವರ್ಷದ ಕೊನೆಗೆ ಅಸಲು–ಬಡ್ಡಿ ಒಟ್ಟಿಗೆ ಕಟ್ಟುವ ಬಗೆಯನ್ನು ಆರಿಸಿದರೆ ಆ ದಿನ ಕೈಯಲ್ಲಿ ಹಣವಿಲ್ಲದೆ ಒಡವೆ ಹರಾಜಿಗೆ ಹೋಗುವ ಅಪಾಯವಿದೆ. ತಿಂಗಳ ಕಂತಿನದಾದರೆ ಮಾತ್ರ ಯೋಚಿಸಿ. ಮನೆ, ಜಮೀನಿನ ಪತ್ರವನ್ನಂತೂ ಇದಕ್ಕಾಗಿ ಇಡಬೇಡಿ.

ಯಾವ ದಾರಿ ಹಿಡಿದರೂ ಕಾರ್ಡಿನ ಬಾಕಿ ಸೊನ್ನೆಯಾದ ದಿನವೇ ಅದರ ಮಿತಿಯನ್ನು ತಗ್ಗಿಸಲು ಬರೆದು ಕೊಡಿ. ಖಾಲಿಯಾದ ಕಾರ್ಡ್ ಮತ್ತೆ ತುಂಬಿಕೊಂಡರೆ ಲೋನ್ ಕಂತೂ ಕಾರ್ಡ್ ಬಿಲ್ಲೂ ಎರಡೂ ತಲೆಯ ಮೇಲಿರುತ್ತವೆ. ಹೀಗೆ ಸಾಲವನ್ನು ಕಾರ್ಡಿನಿಂದ ಲೋನಿಗೆ ಸಾಗಿಸಿದವರು ಹೆಚ್ಚಾಗಿ ಎಡವುವುದು ಇಲ್ಲಿ.

ಪ್ರಶ್ನೆ: ಒಂದು ಕಾರ್ಡಿನಿಂದ ನಗದು ತೆಗೆದು ಇನ್ನೊಂದರ ಬಿಲ್ ಕಟ್ಟುತ್ತಿದ್ದೇನೆ. ಸದ್ಯಕ್ಕೆ ನಡೆಯುತ್ತಿದೆ.

ಉತ್ತರ: ಈ ತಿಂಗಳೇ ನಿಲ್ಲಿಸಿ. ನಗದಿಗೆ ಸಾಮಾನ್ಯವಾಗಿ ಶೇ 2.5ರ ಶುಲ್ಕ. ₹1 ಲಕ್ಷಕ್ಕೆ ಜಿಎಸ್‌ಟಿ ಸೇರಿ ₹2,950 ಮೊದಲೇ ಹೋಯಿತು. ನಗದಿಗೆ ಬಡ್ಡಿಯಿಲ್ಲದ ಅವಧಿಯೇ ಇಲ್ಲ, ಎಟಿಎಂನಿಂದ ತೆಗೆದ ದಿನದಿಂದಲೇ ಬಡ್ಡಿ. ಹೀಗೆ ಸುತ್ತಿಸುವ ಬದಲು ಯಾವ ಬಿಲ್ ಕಟ್ಟಲಾಗುವುದಿಲ್ಲವೋ ಆ ಬ್ಯಾಂಕಿಗೆ ಹೋಗಿ ಇಎಂಐ ಕೇಳಿ. ಗಡುವು ಮುಗಿದು 90 ದಿನವಾದರೂ ಕನಿಷ್ಠ ಮೊತ್ತ ಪೂರ್ತಿ ಬರದಿದ್ದರೆ ಖಾತೆ ಅನುತ್ಪಾದಕ, ಅಂದರೆ ಕೆಟ್ಟ ಸಾಲ ಎಂದಾಗುತ್ತದೆ. ಅದಕ್ಕೆ ಮುಂಚೆ ಹೋದವರ ಮಾತಿಗೆ ಬ್ಯಾಂಕಿನಲ್ಲಿ ಹೆಚ್ಚು ಬೆಲೆಯಿದೆ.

ಪ್ರಶ್ನೆ: ಶೇ 30ಕ್ಕಿಂತ ಹೆಚ್ಚು ಬಡ್ಡಿ ಹಾಕಬಾರದು ಎಂಬ ತೀರ್ಪು ಇದೆಯಂತೆ. ಅದನ್ನು ತೋರಿಸಿ ಬಡ್ಡಿ ಇಳಿಸಬಹುದೇ?

ಉತ್ತರ: ಈಗ ಆಗುವುದಿಲ್ಲ. ರಾಷ್ಟ್ರೀಯ ಗ್ರಾಹಕ ಆಯೋಗ 2008ರಲ್ಲಿ ಹಾಗೆ ಹೇಳಿದ್ದು ನಿಜ. 2024ರ ಡಿಸೆಂಬರ್ 20ರಂದು ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿದೆ. ಆದರೆ ಇನ್ನೊಂದು ನಿಯಮ ನಿಮ್ಮ ಪರವಾಗಿದೆ: ಕಟ್ಟದೆ ಉಳಿದ ಶುಲ್ಕ, ತೆರಿಗೆಗಳನ್ನು ಅಸಲಿಗೆ ಸೇರಿಸಿ ಅವುಗಳ ಮೇಲೆ ಬಡ್ಡಿ ಹಾಕುವಂತಿಲ್ಲ. ತಡಪಾವತಿ ದಂಡವನ್ನೂ ಗಡುವು ಮೀರಿ ಮೂರು ದಿನ ಕಳೆದ ಮೇಲಷ್ಟೇ, ಅದೂ ಉಳಿದ ಬಾಕಿಯ ಮೇಲೆ ಮಾತ್ರ ವಿಧಿಸಬೇಕು. ಈ ಮೂರು ದಿನದ ರಿಯಾಯಿತಿ ದಂಡಕ್ಕೆ, ಬಡ್ಡಿಗಲ್ಲ.

ಪ್ರಶ್ನೆ: ಕೆಲಸ ಹೋಗಿ ನಾಲ್ಕು ತಿಂಗಳಿಂದ ಕಟ್ಟಿಲ್ಲ. ವಸೂಲಿಯವರು ರಾತ್ರಿ ಹತ್ತಕ್ಕೂ ಕರೆ ಮಾಡುತ್ತಾರೆ, ಅಕ್ಕನ ಮನೆಗೂ ಫೋನ್ ಮಾಡಿದ್ದಾರೆ. ಜೈಲಿಗೆ ಹಾಕಿಸುತ್ತೇವೆ ಎನ್ನುತ್ತಾರೆ. ತುಂಬ ಹೆದರಿಕೆಯಾಗಿದೆ.

ಉತ್ತರ: ಹೆದರಬೇಡಿ. ಕಾರ್ಡ್ ಬಾಕಿ ಕಟ್ಟಲಾಗದಿರುವುದು ಅಪರಾಧವಲ್ಲ, ಅದು ಸಿವಿಲ್ ವ್ಯಾಜ್ಯ. ಹಣವಿಲ್ಲದ್ದಕ್ಕೆ ಯಾರೂ ಜೈಲಿಗೆ ಹೋಗುವುದಿಲ್ಲ. ಆದರೆ ಒಂದು ಎಚ್ಚರ: ಏಜೆಂಟರ ಒತ್ತಡಕ್ಕೆ ಮಣಿದು ಮುಂದಿನ ದಿನಾಂಕದ ಚೆಕ್ ಬರೆದುಕೊಡಬೇಡಿ. ಚೆಕ್ ಬೌನ್ಸ್ ಆದರೆ ನೆಗೋಷಿಯಬಲ್ ಇನ್ಸ್ಟ್ರುಮೆಂಟ್ಸ್ ಕಾಯ್ದೆಯ 138ನೇ ಕಲಮಿನಡಿ ಅದು ಕ್ರಿಮಿನಲ್ ಪ್ರಕರಣವಾಗುತ್ತದೆ.

ವಸೂಲಿ ಕರೆ ಬೆಳಿಗ್ಗೆ 8ಕ್ಕೆ ಮುಂಚೆ, ಸಂಜೆ 7ರ ನಂತರ ಬರಬಾರದೆಂದು ರಿಸರ್ವ್ ಬ್ಯಾಂಕ್ 2022ರ ಆಗಸ್ಟ್‌ನಲ್ಲಿ ಸುತ್ತೋಲೆ ಹೊರಡಿಸಿದೆ. ಬೆದರಿಕೆ, ಬೈಗುಳ, ನೆಂಟರು–ಗೆಳೆಯರ ಮುಂದೆ ಮಾನ ಕಳೆಯುವುದು ಎಲ್ಲವೂ ಅದರಲ್ಲಿ ನಿಷಿದ್ಧ. ಏಜೆಂಟ್ ಹೊರಗಿನವನಾದರೂ ಅವನ ನಡತೆಗೆ ಬ್ಯಾಂಕೇ ಹೊಣೆ. ಕರೆ ಬಂದ ದಿನಾಂಕ, ಸಮಯ, ನಂಬರ್, ಆಡಿದ ಮಾತು ಬರೆದಿಡಿ. ಸ್ಕ್ರೀನ್‌ಶಾಟ್ ತೆಗೆದಿಡಿ. ಬ್ಯಾಂಕಿನ ದೂರು ವಿಭಾಗಕ್ಕೆ ಇಮೇಲ್ ಮಾಡಿ ದೂರಿನ ಸಂಖ್ಯೆ ಪಡೆಯಿರಿ. 30 ದಿನದಲ್ಲಿ ಉತ್ತರ ಬಾರದಿದ್ದರೆ, ಬಂದ ಉತ್ತರ ಸಮಾಧಾನ ತರದಿದ್ದರೆ ಗ್ರಾಹಕರ ದೂರು ವಿಚಾರಿಸುವ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ಆನ್‌ಲೈನಿನಲ್ಲಿ ದೂರು ಕೊಡಿ. ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ. ಮಾಹಿತಿಗೆ 14448 ಸಂಖ್ಯೆ ಇದೆ. ಮನೆಗೆ ಬಂದು ಬೆದರಿಸಿದರೆ ಠಾಣೆಯಲ್ಲಿ ದೂರು ಕೊಡುವ ಹಕ್ಕೂ ನಿಮಗಿದೆ.

ಅದೇ ಇಮೇಲಿನಲ್ಲಿ ನಿಮ್ಮ ಸ್ಥಿತಿಯನ್ನೂ ಬರೆಯಿರಿ: ಯಾವ ದಿನ ಕೆಲಸ ಹೋಯಿತು, ಈಗಿನ ಆದಾಯವೆಷ್ಟು, ತಿಂಗಳಿಗೆ ಎಷ್ಟು ಕಟ್ಟಬಲ್ಲಿರಿ. ಕಂತು ಮಾಡಿಕೊಡಿ ಎಂದು ಸ್ಪಷ್ಟವಾಗಿ ಕೇಳಿ. ಹಣವನ್ನು ಕಾರ್ಡ್ ಖಾತೆಗೇ ಕಟ್ಟಿ, ಏಜೆಂಟನ ಸ್ವಂತ ಯುಪಿಐಗೆ ಒಂದು ರೂಪಾಯಿಯನ್ನೂ ಹಾಕಬೇಡಿ.

ಪ್ರಶ್ನೆ: ₹1.6 ಲಕ್ಷ ಬಾಕಿಗೆ ₹70,000 ಕಟ್ಟಿ ‘ಸೆಟ್ಲ್‌ಮೆಂಟ್’ ಮಾಡಿಕೊಳ್ಳಿ ಎಂದಿದ್ದಾರೆ. ಒಪ್ಪಲೇ?

ಉತ್ತರ: ಪೂರ್ತಿ ತೀರಿಸುವ ದಾರಿ ಒಂದಾದರೂ ಇದ್ದರೆ ಒಪ್ಪಬೇಡಿ. ನಿಮ್ಮ ಸಾಲದ ಇತಿಹಾಸ ಹೇಳುವ ಸಿಬಿಲ್ ವರದಿಯಲ್ಲಿ ‘ಕ್ಲೋಸ್ಡ್’ ಎಂದು ಬರುವ ಬದಲು ‘ಸೆಟ್ಲ್‌ಡ್’ ಎಂದು ಬರುತ್ತದೆ, ಅದನ್ನು ನೋಡಿದ ಬ್ಯಾಂಕ್ ಗೃಹಸಾಲಕ್ಕೆ ಹಿಂದೆಮುಂದೆ ನೋಡುತ್ತದೆ. ಸೆಟ್ಲ್‌ಮೆಂಟ್ ಮಾಡಿಕೊಂಡ ಬ್ಯಾಂಕ್ ಕನಿಷ್ಠ 12 ತಿಂಗಳು ನಿಮಗೆ ಹೊಸ ಸಾಲ ಕೊಡುವಂತಿಲ್ಲ.

ಬೇರೆ ದಾರಿಯೇ ಇಲ್ಲ ಎಂದಾದರೆ ಅದು ನಾಚಿಕೆಯ ವಿಷಯವಲ್ಲ, ಆದರೆ ಕಾಗದ ಕೈಗೆ ಬರುವವರೆಗೆ ಹಣ ಕಟ್ಟಬೇಡಿ. ಬ್ಯಾಂಕಿನ ಲೆಟರ್‌ಹೆಡ್‌ನಲ್ಲಿ ಅಥವಾ ಅಧಿಕೃತ ಇಮೇಲಿನಿಂದ ಪತ್ರ ಬರಬೇಕು. ಅದರಲ್ಲಿ ಕಾರ್ಡಿನ ಕೊನೆಯ ನಾಲ್ಕಂಕಿ, ಒಟ್ಟು ಬಾಕಿ, ಕಟ್ಟಬೇಕಾದ ಮೊತ್ತ, ಕೊನೆಯ ದಿನಾಂಕ, ಇದು ಪೂರ್ಣ ಮತ್ತು ಅಂತಿಮ ಇತ್ಯರ್ಥ ಎಂಬ ಮಾತು ಇರಬೇಕು. ವಾಟ್ಸ್‌ಆ್ಯಪ್ ಸಂದೇಶ ಸಾಲದು. ಪತ್ರ ಅಸಲಿಯೇ ಎಂದು ಬ್ಯಾಂಕಿನ ಗ್ರಾಹಕ ಸೇವೆಗೆ ನೀವೇ ಕರೆ ಮಾಡಿ ಖಚಿತಪಡಿಸಿಕೊಳ್ಳಿ. ಹೇಳಿದ ದಿನಾಂಕಕ್ಕೆ ಒಂದು ದಿನ ತಪ್ಪಿದರೂ ಒಪ್ಪಂದ ಬಿದ್ದುಹೋಗಿ ಹಳೆಯ ಬಾಕಿಯೇ ನಿಲ್ಲಬಹುದು. ಕಟ್ಟಿದ ಮೇಲೆ ಬಾಕಿ ಇಲ್ಲವೆಂಬ ಪತ್ರ ಪಡೆದು ಜೋಪಾನವಾಗಿಡಿ. ವರ್ಷಗಳ ನಂತರ ಇನ್ನಾವುದೋ ಸಂಸ್ಥೆ ಅದೇ ಸಾಲವನ್ನು ಕೇಳಿಕೊಂಡು ಬಂದರೆ ಆ ಒಂದು ಹಾಳೆಯೇ ಉತ್ತರ.

ಪ್ರಶ್ನೆ: ತಂದೆ ತೀರಿಕೊಂಡರು. ಅವರ ಕಾರ್ಡಿನಲ್ಲಿ ₹85,000 ಬಾಕಿ. ಮಗನಾದ ನೀವೇ ಕಟ್ಟಬೇಕು ಎಂದು ಬ್ಯಾಂಕಿನವರು ಹೇಳುತ್ತಿದ್ದಾರೆ.

ಉತ್ತರ: ನಿಮ್ಮ ಸ್ವಂತ ಸಂಪಾದನೆಯಿಂದ ಕಟ್ಟಬೇಕಾಗಿಲ್ಲ. ತಂದೆಯವರಿಂದ ನಿಮಗೆ ಬಂದ ಆಸ್ತಿಯ ಮೌಲ್ಯದಷ್ಟಕ್ಕೆ ಮಾತ್ರ ಬ್ಯಾಂಕ್ ಹಕ್ಕು ಸಾಧಿಸಬಹುದು. ಅವರ ಹೆಸರಿನಲ್ಲಿ ಹಣ, ಆಸ್ತಿ ಇದ್ದರೆ ಅದರಿಂದ ಈ ಬಾಕಿ ತೀರಬೇಕಾಗುತ್ತದೆ. ಮರಣ ಪ್ರಮಾಣಪತ್ರದ ಪ್ರತಿ ಲಗತ್ತಿಸಿ ತಕ್ಷಣ ಬರೆದು ತಿಳಿಸಿ, ಆ ದಿನಾಂಕದಿಂದ ಬಡ್ಡಿ, ದಂಡ ನಿಲ್ಲಿಸಲು ಕೇಳಿ. ಕಾರ್ಡಿನ ಜತೆ ವಿಮೆ ಇತ್ತೇ ಎಂದೂ ವಿಚಾರಿಸಿ. ಅಮ್ಮನ ಬಳಿ ಅದೇ ಖಾತೆಯ ಹೆಚ್ಚುವರಿ ಕಾರ್ಡ್, ಅಂದರೆ ಆಡ್‌–ಆನ್ ಕಾರ್ಡ್ ಇದ್ದರೆ ಇನ್ನು ಅದನ್ನು ಬಳಸಬಾರದು. ‘ನಾನು ಕಟ್ಟುತ್ತೇನೆ’ ಎಂದು ಯಾವುದಕ್ಕೂ ಸಹಿ ಹಾಕಬೇಡಿ.

ಪ್ರಶ್ನೆ: ಅಂತೂ ಪೂರ್ತಿ ತೀರಿಸಿದೆ. ಕಾರ್ಡ್ ಮುಚ್ಚಲೇ? ಸಿಬಿಲ್ ಸ್ಕೋರ್ ಯಾವಾಗ ಏರುತ್ತದೆ?

ಉತ್ತರ: ಅಭಿನಂದನೆ. ತಕ್ಷಣ ಮುಚ್ಚಬೇಡಿ, ಮುಂದಿನ ಒಂದೆರಡು ಬಿಲ್ ನೋಡಿ. ಪೂರ್ತಿ ಕಟ್ಟಿದ ಮೇಲೂ ಹಿಂದಿನ ಬಿಲ್ಲಿನ ದಿನದಿಂದ ಕಟ್ಟಿದ ದಿನದವರೆಗಿನ ಬಡ್ಡಿ ಮುಂದಿನ ಬಿಲ್ಲಿನಲ್ಲಿ ಬರುತ್ತದೆ. ಮುಗಿಯಿತೆಂದು ಸುಮ್ಮನಾದರೆ ಆ ಚಿಲ್ಲರೆಗೆ ದಂಡ ಬಿದ್ದು ವರದಿಯಲ್ಲಿ ಮತ್ತೆ ಕಪ್ಪುಚುಕ್ಕೆ ಬೀಳುತ್ತದೆ.

ಬಿಲ್ ಸೊನ್ನೆ ಬಂದ ಮೇಲೆ, ಕಾರ್ಡ್ ಕೈಯಲ್ಲಿದ್ದರೆ ಮತ್ತೆ ಉಜ್ಜುತ್ತೇನೆ ಎಂಬ ಭಯವಿದ್ದವರು ಮುಚ್ಚುವುದೇ ಒಳ್ಳೆಯದು, ಸ್ಕೋರ್ ತುಸು ಇಳಿದರೂ ಚಿಂತೆಯಿಲ್ಲ. ಕೋರಿಕೆ ಕೊಟ್ಟ 7 ಕೆಲಸದ ದಿನಗಳಲ್ಲಿ ಬ್ಯಾಂಕ್ ಮುಚ್ಚಬೇಕು. ಬಾಕಿ ಇಲ್ಲದಿದ್ದರೂ ತಡಮಾಡಿದರೆ ದಿನಕ್ಕೆ ₹500ರಂತೆ ನಿಮಗೆ ಕೊಡಬೇಕು. ಹಿಡಿತವಿದೆ ಎನ್ನುವವರು ಹಳೆಯ ಕಾರ್ಡೊಂದನ್ನು ಉಳಿಸಿಕೊಂಡು ಮಿತಿಯ ಶೇ 30ರೊಳಗೆ ಬಳಸಿ, ಪ್ರತಿ ಬಿಲ್ ಪೂರ್ತಿ ಕಟ್ಟಿ.

ಸ್ಕೋರ್ 300ರಿಂದ 900ರ ನಡುವೆ ಇರುತ್ತದೆ. ಬಾಕಿ ಇಳಿದದ್ದರ ಫಲ ಕೆಲವೇ ತಿಂಗಳಲ್ಲಿ ಕಾಣುತ್ತದೆ, ತಪ್ಪಿದ ಕಂತುಗಳ ಗುರುತು ಅಷ್ಟು ಬೇಗ ಹೋಗುವುದಿಲ್ಲ. ಹಣ ಕೊಟ್ಟರೆ ಸ್ಕೋರ್ ಏರಿಸುತ್ತೇವೆ ಎನ್ನುವವರನ್ನು ಹತ್ತಿರ ಸೇರಿಸಬೇಡಿ. ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಕ್ರಿಫ್ ಹೈ ಮಾರ್ಕ್ ಈ ನಾಲ್ಕೂ ಸಂಸ್ಥೆಗಳು ವರ್ಷಕ್ಕೊಮ್ಮೆ ಪೂರ್ತಿ ವರದಿಯನ್ನು ಉಚಿತವಾಗಿ ಕೊಡಬೇಕು. ಮೂರು ತಿಂಗಳಿಗೊಂದು ಸಂಸ್ಥೆಯಿಂದ ತರಿಸಿಕೊಂಡರೆ ವರ್ಷಪೂರ್ತಿ ಕಣ್ಣಿಟ್ಟಂತಾಗುತ್ತದೆ. ತೀರಿಸಿದ ಕಾರ್ಡ್ ಇನ್ನೂ ಬಾಕಿ ಎಂದು ತೋರಿಸುತ್ತಿದ್ದರೆ ರಸೀದಿ ಸಮೇತ ಆ ಸಂಸ್ಥೆಗೂ ಬ್ಯಾಂಕಿಗೂ ದೂರು ಕೊಡಿ. 30 ದಿನದೊಳಗೆ ಸರಿಪಡಿಸದಿದ್ದರೆ ಆಮೇಲಿನ ಪ್ರತಿ ದಿನಕ್ಕೆ ₹100 ಪರಿಹಾರ ನಿಮಗೆ ಸಲ್ಲಬೇಕು. ದೂರಿನಲ್ಲಿ ನಿಮ್ಮ ಬ್ಯಾಂಕ್ ಖಾತೆಯ ವಿವರವನ್ನೂ ಬರೆದಿರಿ, ಪರಿಹಾರದ ಹಣ ಅಲ್ಲಿಗೇ ಬರುತ್ತದೆ.